ಹಳೆಯ ಆಲ್ಬಮ್ಮಿಗೆ ಹೊಸ ಮಿಶ್ರಣವೇಕೆ?

ಪ್ರಶ್ನೆ: ಹಳೆಯ ರಾಕ್ ಆಲ್ಬಮ್ಮುಗಳನ್ನು ‘ರೀಮಿಕ್ಸ್’ ಮಾಡಿ ಮರಳಿ ಹೊರತರುವುದೇಕೆ?

ಉತ್ತರ: 1966–67ರಲ್ಲಿ ಬೀಟಲ್ಸ್ ತಂಡದವರು ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಧ್ವನಿಮುದ್ರಿಸಿದ್ದು ನಾಲ್ಕೇ ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಾದುದರಿಂದ, ನಾಲ್ಕೂ ಟ್ರ್ಯಾಕುಗಳು ತುಂಬಿದೊಡನೆ ಎಲ್ಲವನ್ನೂ ಬೆರೆಸಿ ಮತ್ತೊಂದು ಟೇಪಿಗೆ ಇಳಿಸಬೇಕಾಗುತ್ತಿತ್ತು, ಇಳಿಸಿದಂತೆಲ್ಲ ನಾದವು ತುಸು ಮಸುಕಾಗುತ್ತಿತ್ತು. ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಪುತ್ರ ಜೈಲ್ಸ್ ಮಾರ್ಟಿನ್ 2017ರಲ್ಲಿ ಆ ಮೊದಲ ಟೇಪುಗಳಿಗೇ ಹಿಂದಿರುಗಿ ಹೊಸ ಸ್ಟೀರಿಯೋ ಮಿಶ್ರಣವನ್ನು ಸಿದ್ಧಗೊಳಿಸಿದರು. ಮೂಲ ಧ್ವನಿಮುದ್ರಣದ ಕಾಲದಲ್ಲಿ ತಂಡದವರ ಆಸ್ಥೆಯೆಲ್ಲವೂ ಒಂದೇ ವಾಹಿನಿಯ ಮೋನೋ ಮಿಶ್ರಣದ ಮೇಲಿದ್ದು, ಸ್ಟೀರಿಯೋ ಆತುರದಲ್ಲಿ ಮುಗಿದಿತ್ತು. ಈ ಆಲ್ಬಮ್ಮಿನ ‘ಷೀಸ್ ಲೀವಿಂಗ್ ಹೋಮ್’ ಗೀತೆಗೆ ಮೋನೋದಲ್ಲಿದ್ದ ಹೆಚ್ಚಿನ ವೇಗವನ್ನೂ ಏರಿದ ಶ್ರುತಿಯನ್ನೂ ಹೊಸ ಮಿಶ್ರಣವು ಮರಳಿ ತಂದಿದೆ. ಹಳೆಯ ಸಮತೋಲವೇ ನಿಜವಾದ ಕೃತಿಯೆಂದು ವಾದಿಸುವ ಅಭಿಮಾನಿಗಳ ಮಾತಿನಲ್ಲಿ ಹುರುಳಿದೆಯಾದರೂ, ಹಳೆಯ ಮುದ್ರಿಕೆಯು ಅಳಿಯದೆ ಉಳಿದಿರುವಾಗ, ರಿಂಗೋ ಸ್ಟಾರ್‌ರ ಡ್ರಮ್ಮಿನ ಪೆಟ್ಟನ್ನು ಇಷ್ಟು ನಿಚ್ಚಳವಾಗಿ ಕೇಳಿಸುವ ಹೊಸದನ್ನು ನಾನಂತೂ ಮನಸಾರೆ ಸ್ವಾಗತಿಸುವೆನು.