ಗಡಿ ಬೇಡವೆಂದು ಬಂದವರ ಬೆನ್ನಿಗೇ ಬಂದ ಗಡಿ

ಜಾನ್ ಡಿಸ್ಟರ್ನೆಲ್ ಸರ್ವೇಯರ್ ಅಲ್ಲ, ನ್ಯೂಯಾರ್ಕಿನ ಪ್ರಕಾಶಕ. ಪ್ರವಾಸಿ ಕೈಪಿಡಿ, ನಕ್ಷೆಗಳನ್ನು ಅಚ್ಚು ಹಾಕಿ ಮಾರುವುದು ಅವನ ಕಸುಬು. 1847ರಲ್ಲಿ ಅಮೆರಿಕನ್ನರು ಮೆಕ್ಸಿಕೊ ಯುದ್ಧದ ಸುದ್ದಿಗೆ ಹಾತೊರೆಯುತ್ತಿದ್ದಾಗ ಆತ ಮೆಕ್ಸಿಕೊದ ನಕ್ಷೆಯೊಂದನ್ನು ಹೊರತಂದ. ಅದು 1820ರ ದಶಕದ ನಕ್ಷೆಯ ನಕಲು. ಹಳೆಯದರಲ್ಲಿದ್ದ ತಪ್ಪುಗಳೂ ಹಾಗೇ ಇಳಿದುಬಂದವು. ವ್ಯಾಪಾರವಂತೂ ಜೋರಾಗಿತ್ತು, ಆವೃತ್ತಿಯ ಮೇಲೆ ಆವೃತ್ತಿ ಬಂತು.

ಯುದ್ಧದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. 1845ರಲ್ಲಿ ಟೆಕ್ಸಾಸನ್ನು ಸೇರಿಸಿಕೊಂಡ ಅಮೆರಿಕ, ಮರುವರ್ಷ ರಿಯೊ ಗ್ರ್ಯಾಂಡ್ ನದಿಯವರೆಗೆ ಸೇನೆ ಕಳಿಸಿ ಕಾಲುಕೆರೆದು ಜಗಳ ತೆಗೆಯಿತು. ರಾಜಧಾನಿ ಮೆಕ್ಸಿಕೊ ಸಿಟಿಯೂ ಅದರ ಕೈವಶವಾಯಿತು. 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೊದಲ್ಲಿ ಒಪ್ಪಂದವಾಯಿತು. ಒಂದೂವರೆ ಕೋಟಿ ಡಾಲರ್ ಪಡೆದು ಮೆಕ್ಸಿಕೊ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊಗಳನ್ನು ಬಿಟ್ಟುಕೊಟ್ಟಿತು. ಗಡಿ ಎಲ್ಲಿ? ನ್ಯೂ ಮೆಕ್ಸಿಕೊದ ದಕ್ಷಿಣದ ಎಲ್ಲೆ ಡಿಸ್ಟರ್ನೆಲ್ ನಕ್ಷೆಯಲ್ಲಿ ಹೇಗಿದೆಯೋ ಹಾಗೆ, ಎಂದು ಒಪ್ಪಂದದ ಐದನೇ ಕಲಮಿನಲ್ಲಿ ಬರೆದರು. ನಕ್ಷೆಯನ್ನೂ ಲಗತ್ತಿಸಿದರು.

ನೆಲದ ಮೇಲೆ ಅಳೆಯಲು ಹೋದಾಗ ಹುಳುಕು ಹೊರಬಿತ್ತು. ನಕ್ಷೆಯಲ್ಲಿ ಎಲ್ ಪಾಸೊ ಊರು (ಇಂದಿನ ಹುವಾರೆಸ್) ನಿಜವಾದ ಜಾಗಕ್ಕಿಂತ ಮೂವತ್ತಕ್ಕೂ ಹೆಚ್ಚು ಮೈಲಿ ಉತ್ತರದಲ್ಲಿತ್ತು. ನದಿಯೋ, ನೂರಕ್ಕೂ ಹೆಚ್ಚು ಮೈಲಿ ಪೂರ್ವದಲ್ಲಿ! ನಮ್ಮಲ್ಲಿ ಹೊಲದ ಬಾಂದುಕಲ್ಲು ಎರಡಡಿ ಸರಿದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಇಲ್ಲಿ ಸರಿದದ್ದು ಇಡೀ ಸೀಮೆ.

ಅಮೆರಿಕದ ಗಡಿ ಕಮಿಷನರ್ ಜಾನ್ ರಸೆಲ್ ಬಾರ್ಟ್ಲೆಟ್ ಕೂಡ ಪುಸ್ತಕ ವ್ಯಾಪಾರಿಯೇ, ಅಮೆರಿಕದ ಆಡುನುಡಿಯ ನಿಘಂಟು ಮಾಡಿದವನು. ಒಬ್ಬ ಪ್ರಕಾಶಕ ಮಾಡಿಟ್ಟ ರಗಳೆಯನ್ನು ಬಿಡಿಸಲು ಇನ್ನೊಬ್ಬ ಪುಸ್ತಕದವನೇ ಬೇಕಾಯಿತು, ನೋಡಿ. ಮೆಕ್ಸಿಕೊದ ಕಮಿಷನರ್ ಗಾರ್ಸಿಯಾ ಕೊಂಡೆಯ ಜತೆ ಆತ ರಾಜಿಗೆ ಬಂದ. ಉತ್ತರ-ದಕ್ಷಿಣದ ಲೆಕ್ಕದಲ್ಲಿ ನಕ್ಷೆ ಹೇಳಿದಂತೆ, ಪೂರ್ವ-ಪಶ್ಚಿಮದ ಲೆಕ್ಕದಲ್ಲಿ ನದಿ ನಿಜವಾಗಿ ಇದ್ದಂತೆ. ಅಮೆರಿಕದ ಸರ್ವೇಯರ್ ಆಂಡ್ರ್ಯೂ ಗ್ರೇ ಇದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅವನ ಹಟಕ್ಕೆ ಕಾರಣವಿತ್ತು. ರಾಜಿಯಿಂದ ಕೈಬಿಡುತ್ತಿದ್ದ ಬಯಲಿನಲ್ಲೇ ಪೆಸಿಫಿಕ್ ಕಡಲಿಗೆ ರೈಲು ಹಾಕಲು ಸಲೀಸಾದ ದಾರಿಯಿತ್ತು.

ಈ ಗದ್ದಲದ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೆಸಿಯಾ ಎಂಬ ಪುಟ್ಟ ಊರು. ರಿಯೊ ಗ್ರ್ಯಾಂಡ್‌ನ ಪೂರ್ವ ದಡದ ದೋನ್ಯಾ ಆನಾ ಅಮೆರಿಕದ ಪಾಲಾದಾಗ ಅಲ್ಲಿನ ಹಲವು ಮೆಕ್ಸಿಕನ್ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಹೊಳೆ ದಾಟಿ, ಮೆಕ್ಸಿಕೊದ್ದೆಂದು ನಂಬಿದ್ದ ನೆಲದಲ್ಲಿ ಕಾಲುವೆ ತೋಡಿ, ಮಣ್ಣಿನ ಇಟ್ಟಿಗೆಯ ಮನೆ ಎಬ್ಬಿಸಿ ನೆಲೆನಿಂತವು. ಅದೇ ಮೆಸಿಯಾ. ಇದು ನಮ್ಮದೆಂದು ನ್ಯೂ ಮೆಕ್ಸಿಕೊದ ಗವರ್ನರ್ ಲೇನ್ 1853ರಲ್ಲಿ ಘೋಷಿಸಿಯೇಬಿಟ್ಟ. ಅತ್ತ ಮೆಕ್ಸಿಕೊದ ಚಿವಾವಾ ರಾಜ್ಯದ ಗವರ್ನರ್ ಟ್ರಿಯಾಸ್ ಸೈನಿಕರನ್ನು ತಂದು ನಿಲ್ಲಿಸಿದ. ಇನ್ನೊಂದು ಯುದ್ಧ ಆಗಲಿಲ್ಲ, ಏಕೆಂದರೆ ಮೆಕ್ಸಿಕೊ ಸಿಟಿಯಲ್ಲಿ ಅಧ್ಯಕ್ಷ ಸಾಂತಾ ಆನಾನ ಖಜಾನೆ ಬರಿದಾಗಿತ್ತು. ರೈಲು ಕಂಪನಿ ನಡೆಸಿ ಪಳಗಿದ್ದ ಜೇಮ್ಸ್ ಗ್ಯಾಡ್ಸ್‌ಡೆನ್ ಅಮೆರಿಕದ ರಾಯಭಾರಿಯಾಗಿ ಹೋಗಿ ಅದೇ ವರ್ಷದ ಡಿಸೆಂಬರ್ 30ರಂದು ನೆಲ ಮಾರುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಅಮೆರಿಕದ ಸೆನೆಟ್ ಚೌಕಾಸಿ ಮಾಡಿ, ನೆಲವನ್ನೂ ಹಣವನ್ನೂ ಕತ್ತರಿಸಿ, ಕೊನೆಗೆ ಒಂದು ಕೋಟಿ ಡಾಲರಿಗೆ ಸುಮಾರು 29,670 ಚದರ ಮೈಲಿ ಕೊಂಡಿತು. ಅದರೊಳಗೆ ಮೆಸಿಯಾವೂ ಹೋಯಿತು. ತಮ್ಮ ದೇಶದಲ್ಲೇ ಇರಬೇಕೆಂದು ಹೊಳೆ ದಾಟಿದವರನ್ನು ಆ ದೇಶವೇ ಮಾರಿತು. ಅವರನ್ನು ಯಾರೂ ಕೇಳಲಿಲ್ಲ.

ಹತ್ತು ವರ್ಷದಲ್ಲಿ ಹೊಳೆಯೂ ದಿಕ್ಕು ಬದಲಿಸಿ ಊರಿನ ಪಶ್ಚಿಮಕ್ಕೆ ಹರಿಯತೊಡಗಿತು. ಆ ಕಣಿವೆಗೆ ರೈಲು ಬಂದದ್ದು 1881ರಲ್ಲಿ. ಅದೂ ಮೆಸಿಯಾಕ್ಕಲ್ಲ, ಪಕ್ಕದ ಲಾಸ್ ಕ್ರೂಸೆಸ್‌ಗೆ. ಅದೇ ವರ್ಷ ಮೆಸಿಯಾದ ಕೋರ್ಟಿನಲ್ಲಿ ಬಿಲ್ಲಿ ದ ಕಿಡ್ ಎಂಬ ಪುಂಡನಿಗೆ ಗಲ್ಲು ಶಿಕ್ಷೆಯಾಯಿತು. ಇಂದು ಆ ಕಟ್ಟಡ ಉಡುಗೊರೆ ಅಂಗಡಿ. ಅದರ ಬೋರ್ಡಿನ ಮೇಲಿರುವುದು ಆ ಪುಂಡನ ಹೆಸರು.