ಲೇಥಿಗೂ ಅಭ್ಯಂಜನ

ಲೇಥಿಗೂ ಕನ್ನಡಿಗನಿಗೂ ಹಳೆಯ ನಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1941ರಲ್ಲಿ ಹರಿಹರದಲ್ಲಿ ಲೇಥಿನ ಕಾರಖಾನೆ ತೆರೆದರು; 1946ರಲ್ಲಿ ಇಲ್ಲಿಯ ಖಡಕಿಯಲ್ಲಿ ಎಂಜಿನ್ ಕಾರಖಾನೆ. ಖಡಕಿ, ಪಿಂಪ್ರಿ, ಭೋಸರಿಗಳಲ್ಲಿ ಯಂತ್ರದ ಮುಂದೆ ನಿಂತೇ ಸಂಸಾರ ಸಾಗಿಸಿದ ನಮ್ಮವರು ಎಷ್ಟೋ ಮಂದಿ. ನಿವೃತ್ತರಾದ ಮೇಲೂ ಕೈ ಸುಮ್ಮನಿರಲೊಲ್ಲದೆ ಮನೆಯ ಮೂಲೆಯಲ್ಲಿ ಪುಟ್ಟ ಲೇಥೊಂದನ್ನು ಇಟ್ಟುಕೊಂಡವರೂ ಇದ್ದಾರೆ. ಹರಿಹರದ ಆ ಕಾರಖಾನೆ ಮುಚ್ಚಿ ವರ್ಷಗಳೇ ಕಳೆದವು. ಹಳೆಯ ಯಂತ್ರಕ್ಕೆ ಮೂಲ ಬಿಡಿಭಾಗ ಸುಲಭವಾಗಿ ದೊರೆಯದು. ಹಾಗಾಗಿ ಸವೆದ ಮೇಲೆ ಪರಿತಪಿಸುವುದಕ್ಕಿಂತ ಸವೆಯದಂತೆ ಕಾಯುವುದೇ ಲೇಸು.

ಲೇಥಿನ ಪ್ರಾಣ ಅದರ ಬೆಡ್. ಅದು ಬೀಡು ಕಬ್ಬಿಣದ್ದು. ಹೆಚ್ಚಿನ ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಆ ಗೇಣುದ್ದವೇ ಮೊದಲು ಸವೆಯುತ್ತದೆ. ಮಿಕ್ಕದ್ದು ಹೊಸದರಂತೆ ಇದ್ದರೂ ಫಲವಿಲ್ಲ, ತಿರುಗಿಸಿದ ಸಲಾಕೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬರುತ್ತದೆ. ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸುವ ಖರ್ಚಿನ ಮುಂದೆ ವರ್ಷದ ಎಣ್ಣೆಯ ಖರ್ಚು ಏನೇನೂ ಅಲ್ಲ.

ಯಾವ ಎಣ್ಣೆ? ಅಡಿಗೆಮನೆಯ ಡಬ್ಬಿಗೆ ಕೈ ಹಾಕಕೂಡದು. ಶೇಂಗಾ ಎಣ್ಣೆ ಗಾಳಿಗೆ ಬರಬರುತ್ತ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಪುಣೆಯ ಚಳಿಗಾಲದ ಬೆಳಗಿನಲ್ಲಿ ಅದು ಬಾಟಲಿಯಲ್ಲೇ ಕಲ್ಲಾಗುವುದನ್ನು ನಮ್ಮ ಮನೆಯಾಕೆಯರು ಚೆನ್ನಾಗಿ ಬಲ್ಲರು. ಬೆಡ್ಡಿಗೆಂದೇ 68ನೆಯ ನಂಬರಿನ ಸ್ಲೈಡ್‌ವೇ ಎಣ್ಣೆ ಬರುತ್ತದೆ, ಅದನ್ನೇ ಕೇಳಿ ತರಬೇಕು. ಹೆಡ್‌ಸ್ಟಾಕಿಗೆ ಯಂತ್ರದ ಪುಸ್ತಕದಲ್ಲಿ ಹೇಳಿದ್ದೇ ಪ್ರಮಾಣ. ಚಿಕ್ಕ ಯಂತ್ರಗಳಲ್ಲಿ ಬೇರಿಂಗಿಗೆ ಗ್ರೀಸು ತುಂಬಿರುವುದುಂಟು. ಅಲ್ಲಿಗೆ ಎಣ್ಣೆ ಸುರಿದು ಗ್ರೀಸನ್ನು ತೊಳೆಯಬಾರದು.

ಕೆಲವರು ಬೆಡ್ಡಿಗೂ ಗ್ರೀಸು ಮೆತ್ತುತ್ತಾರೆ. ನಮಗಿದು ಸರಿಕಾಣದು. ಲೋಹದ ಚೂರುಗಳು ಗ್ರೀಸಿಗೆ ಅಂಟಿಕೊಂಡು ಸ್ಯಾಡಲಿನ ಕೆಳಗೆ ಸೇರುತ್ತವೆ, ಸಾಣೆ ಹಿಡಿದ ಹಾಗಾಗುತ್ತದೆ. ಬೀಡಿನ ಪುಡಿಯಂತೂ ಮಹಾ ಪೀಡೆ. ಬೀಡನ್ನು ಕಡೆಯುವಾಗ ಮೊದಲು ಬೆಡ್ಡಿನ ಎಣ್ಣೆ ಒರೆಸಿ, ಕೆಲಸ ಮುಗಿದ ಮೇಲೆ ಪುಡಿಯನ್ನೆಲ್ಲ ತೆಗೆದು, ಹೊಸ ಎಣ್ಣೆ ಸವರತಕ್ಕದ್ದು. ಚೂರು ತೆಗೆಯಲು ಬ್ರಶ್ಶೇ ಸರಿ. ಗಾಳಿಯ ಪಂಪಿನಿಂದ ಊದಿದರೆ ಚೂರು ಹೋಗಬಾರದ ಸಂದಿಗೆ ಹೋಗಿ ಕೂರುತ್ತದೆ. ಸ್ಯಾಡಲಿನ ತುದಿಗಳಲ್ಲಿರುವ ಉಣ್ಣೆಯ ಫೆಲ್ಟ್ ತುಂಡುಗಳನ್ನು ಆಗಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆಯಲ್ಲಿ ನೆನೆಸಿ ಹಾಕಬೇಕು. ಬಹಳ ಮಂದಿ ಮರೆಯುವುದು ಇದನ್ನೇ.

ಲೀಡ್ ಸ್ಕ್ರೂವಿನ ಎಳೆಗಳಲ್ಲಿ ಕೂತ ಕೊಳೆಗೆ ದಪ್ಪ ನೂಲು ಸಾಕು. ಪ್ಲಗ್ ಕಿತ್ತು, ನೂಲನ್ನು ಎಳೆಯಲ್ಲಿ ಕೂರಿಸಿ, ಸ್ಕ್ರೂವನ್ನು ಕೈಯಿಂದಲೇ ತಿರುಗಿಸುತ್ತ ಹೋದರೆ ಕೊಳೆಯೆಲ್ಲ ಬರುತ್ತದೆ. ಯಂತ್ರ ಓಡುತ್ತಿರುವಾಗ ಬಟ್ಟೆ ಹಿಡಿಯುವ ಸಾಹಸ ಬೇಡ. ಬಟ್ಟೆಯ ಹಿಂದೆಯೇ ಬೆರಳೂ ಹೋಗುತ್ತದೆ. ಚಕ್ಕಿನ ಜಾಗಳನ್ನು ಬಿಚ್ಚಿದರೆ ಮತ್ತೆ 1, 2, 3 ಎಂಬ ಕ್ರಮದಲ್ಲಿಯೇ ಕೂರಿಸಬೇಕು. ಅದಕ್ಕೆ ಎಣ್ಣೆ ಒಂದೆರಡು ಹನಿ ಮಾತ್ರ, ಹೆಚ್ಚಾದರೆ ಗೋಡೆಗೂ ಅಂಗಿಗೂ ಅದರ ಪ್ರಸಾದ. ಬೆಲ್ಟಿಗಂತೂ ಎಣ್ಣೆ ಸೋಕಲೇಬಾರದು, ಜಾರುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಪುಣೆಯ ಮಳೆ, ಥಂಡಿ. ಬೆವರಿನ ಬೆರಳು ತಗಲಿದಲ್ಲೂ ತುಕ್ಕು ಏಳುತ್ತದೆ. ದಿನದ ಕೊನೆಗೆ ತೆಳ್ಳಗೆ ಎಣ್ಣೆ ಸವರಿ ಹತ್ತಿಯ ಬಟ್ಟೆ ಹೊದಿಸಿರಿ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ಒಳಗೇ ತೇವ ಕಟ್ಟುತ್ತದೆ.

ಮಳೆ ಮುಗಿಯುವ ಹೊತ್ತಿಗೆ ಆಯುಧಪೂಜೆ. ಅದೇ ದಿನವನ್ನು ನೆರೆಯ ಮರಾಠಿ ಬಂಧುಗಳು ಖಂಡೇನವಮಿ ಎನ್ನುತ್ತಾರೆ. ವರ್ಷಕ್ಕೊಮ್ಮೆ ಎಲ್ಲ ಬಿಚ್ಚಿ ತೊಳೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು? ಆದರೆ ಒದ್ದೆ ಹೂವು, ಕುಂಕುಮ, ಗಂಧಗಳನ್ನು ಹೆಡ್‌ಸ್ಟಾಕಿನ ಬಣ್ಣದ ಮುಚ್ಚಳದ ಮೇಲೆ ಏರಿಸಬೇಕು, ಬೆಡ್ಡಿನ ಮೇಲಲ್ಲ. ಮರುದಿನ ಬನ್ನಿ ಕೊಟ್ಟು ಬರುವ ಮೊದಲು ಹೂವನ್ನೆಲ್ಲ ತೆಗೆದು ಒಮ್ಮೆ ಒಣಬಟ್ಟೆಯಿಂದ ಒರೆಸಿ, ಎಣ್ಣೆ ಸವರಿದರಾಯಿತು.