ಗ್ರಾಮೋಫೋನಿನ ಮುಳ್ಳಿನ ಪರೀಕ್ಷೆ

ನಮ್ಮ ಸಂಸ್ಥೆಯ ಗ್ರಂಥಾಲಯದಲ್ಲಿ ಹಳೆಯ ಎಲ್.ಪಿ. ತಟ್ಟೆಗಳ ಒಂದು ಕಪಾಟು ಇರುವುದನ್ನು ಹಲವು ಪಾಲಕರು ನೋಡಿರಬಹುದು. ಮಲ್ಲಿಕಾರ್ಜುನ ಮನ್ಸೂರರ ಗಾಯನ, ದಾಸರ ಪದಗಳು, ವಚನಗಳು ಅದರಲ್ಲಿವೆ. ಕೆಲವು ತಟ್ಟೆಗಳು ಕೈತಪ್ಪಿದರೆ ಮತ್ತೆ ದೊರೆಯುವ ಭರವಸೆಯಿಲ್ಲ. ಅವುಗಳ ಹಾಡುಗಳನ್ನೆಲ್ಲ ಗಣಕಯಂತ್ರದಲ್ಲಿ ತುಂಬಿಸಿಡಬೇಕೆಂದು ಕಳೆದ ವರ್ಷ ವ್ಯವಸ್ಥಾಪಕ ಮಂಡಳಿಯವರು ಗೊತ್ತುಮಾಡಿದರು. ತಟ್ಟೆ ತಿರುಗಿಸುವ ಯಂತ್ರ ಇದ್ದಿತು. ಅದರ ತೋಳಿನ ತುದಿಗೆ ಸಿಕ್ಕಿಸಲು ಎರಡು ಕಾರ್ಟ್ರಿಜ್ಜುಗಳೂ ಇದ್ದವು. ಒಂದು ಸಂಸ್ಥೆಯು ಕೊಂಡದ್ದು. ಇನ್ನೊಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಅಭಿಮಾನದಿಂದ ಕಳಿಸಿಕೊಟ್ಟದ್ದು. ಈ ಎರಡರಲ್ಲಿ ಯಾವುದನ್ನು ಬಳಸಬೇಕೆಂಬುದೇ ಪ್ರಶ್ನೆಯಾಯಿತು.

“ಕಿವಿಗೆ ಇಂಪಾದದ್ದನ್ನು ಬಳಸಿರಿ, ಅದರಲ್ಲಿ ಅಳೆಯುವುದೇನಿದೆ?” ಎಂದು ಪಾಲಕರೊಬ್ಬರು ಕೇಳಿದರು. ಮಾತು ತಪ್ಪಲ್ಲ, ಆದರೆ ಅಷ್ಟೇ ಸಾಲದು. ಒಂದು ಕಾರ್ಟ್ರಿಜ್ಜನ್ನು ಬಿಚ್ಚಿ ಇನ್ನೊಂದನ್ನು ಸರಿಯಾಗಿ ಕೂಡಿಸಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮೊದಲಿನದರ ನಾದ ಹೇಗಿತ್ತೆಂಬುದನ್ನು ಕಿವಿ ಮರೆತುಬಿಡುವುದು. ಅದೂ ಅಲ್ಲದೆ, ತುಸು ಗಟ್ಟಿಯಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುವುದು.

ಕಾರ್ಟ್ರಿಜ್ಜೆಂದರೆ ಬೆರಳ ತುದಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ. ಅದರ ಕೆಳಗೆ ವಜ್ರದ ಚಿಕ್ಕ ಮುಳ್ಳು. ಮುಳ್ಳಿಗೆ ಆಧಾರವಾಗಿ ಒಂದು ತೆಳ್ಳನೆಯ ಕಡ್ಡಿ; ಕಡ್ಡಿಯ ಇನ್ನೊಂದು ತುದಿಯಲ್ಲಿ ಚಿಕ್ಕ ಅಯಸ್ಕಾಂತ. ತಟ್ಟೆಯ ಗೆರೆಯ ಅಂಕುಡೊಂಕುಗಳಲ್ಲಿ ಮುಳ್ಳು ಅಲುಗಿದಾಗ ಅಯಸ್ಕಾಂತವೂ ಅಲುಗುವುದು. ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಹೀಗೆ ಹುಟ್ಟುವ ವೋಲ್ಟೇಜು ಕೆಲವೇ ಮಿಲಿವೋಲ್ಟು. ಮುಳ್ಳು ಎಷ್ಟು ದೂರ ಸರಿಯಿತೆಂಬುದಲ್ಲ, ಎಷ್ಟು ವೇಗದಿಂದ ಸರಿಯಿತೆಂಬುದೇ ಅದನ್ನು ನಿರ್ಧರಿಸುವುದು.

ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನಗಳಾಗುವವೋ ಅದೇ ನಾದದ ಆವೃತ್ತಿ. ಅದನ್ನು ಹರ್ಟ್ಸ್‌ಗಳಲ್ಲಿ ಹೇಳುವರು. ಎಳೆಯ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ನಾದ ಕೇಳಿಸುವುದು. ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತ ಬರುವುದು. ನಾವು ವಿಜ್ಞಾನದ ಕೋಣೆಯಲ್ಲಿ 15,000 ಹರ್ಟ್ಸ್‌ನ ನಾದ ನುಡಿಸಿದಾಗ ಮಕ್ಕಳೆಲ್ಲ ಕೈಯೆತ್ತಿದರು. ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡಿದೆವು. ಒಳ್ಳೆಯ ಕಾರ್ಟ್ರಿಜ್ಜು ಮಂದ್ರವನ್ನೂ ತಾರವನ್ನೂ ಒಂದೇ ಸಮನಾದ ನಿಷ್ಠೆಯಿಂದ ಒಪ್ಪಿಸಬೇಕು. ಒಂದನ್ನು ಉಬ್ಬಿಸಿ ಇನ್ನೊಂದನ್ನು ಕುಗ್ಗಿಸಬಾರದು. ಯಾವ ಆವೃತ್ತಿಯನ್ನು ಎಷ್ಟು ಪ್ರಮಾಣದಲ್ಲಿ ಒಪ್ಪಿಸುವುದೆಂದು ತೋರಿಸುವ ರೇಖೆಗೆ ಆವೃತ್ತಿ-ಪ್ರತಿಕ್ರಿಯೆಯ ರೇಖೆಯೆಂದು ಹೆಸರು.

ಈ ರೇಖೆಯ ಏರಿಳಿತವನ್ನು ಡೆಸಿಬೆಲ್‌ಗಳಲ್ಲಿ ಬರೆಯುತ್ತಾರೆ. ಹತ್ತನೆಯ ವರ್ಗದವರು ಹೆದರಬೇಕಾಗಿಲ್ಲ. ಎರಡು ವೋಲ್ಟೇಜುಗಳನ್ನು ಭಾಗಿಸಿ, ಬಂದ ಭಾಗಲಬ್ಧದ ಲಾಗರಿದಮ್ಮನ್ನು 20ರಿಂದ ಗುಣಿಸಿದರೆ ಆಯಿತು. 2ರ ಲಾಗರಿದಮ್ 0.3010, ಆದ್ದರಿಂದ ವೋಲ್ಟೇಜು ಇಮ್ಮಡಿಯಾದರೆ 6 ಡೆಸಿಬೆಲ್ ಏರಿತೆಂದು ಅರ್ಥ. ಒಂದು ಡೆಸಿಬೆಲ್ ಎಂದರೆ ಸುಮಾರು ಶೇಕಡಾ 12ರಷ್ಟು ವ್ಯತ್ಯಾಸ.

ಅಳೆಯಲು ಹಾಡಿನ ತಟ್ಟೆ ಉಪಯೋಗಕ್ಕೆ ಬಾರದು. ತಿಳಿದ ನಾದಗಳನ್ನು ತಿಳಿದ ಪ್ರಮಾಣದಲ್ಲಿ ಕೊರೆದಿಟ್ಟ ಪರೀಕ್ಷಾ ತಟ್ಟೆ ಬೇಕು. ಅಮೆರಿಕದ ಸಿ.ಬಿ.ಎಸ್. ಪ್ರಯೋಗಶಾಲೆಯವರು ಇಂಥ ತಟ್ಟೆಗಳ ಮಾಲೆಯನ್ನೇ ಹೊರತಂದಿದ್ದರು. ಆದರೆ ಇಲ್ಲೊಂದು ತೊಡಕಿದೆ. ಮಂದ್ರಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೆರೆ ಅತ್ತಿತ್ತ ಬಹಳ ಹೊರಳಿ ತಟ್ಟೆಯ ಜಾಗವನ್ನೆಲ್ಲ ನುಂಗುವುದು. ತಾರಸ್ವರಗಳಾದರೋ ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗಿಹೋಗುವುವು. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುವರು. ನುಡಿಸುವಾಗ ಧ್ವನಿವರ್ಧಕವು ಇದರ ವಿರುದ್ಧ ಕ್ರಮ ನಡೆಸುವುದು. ಎಷ್ಟು ಏರಿಳಿಸಬೇಕೆಂಬುದನ್ನು ಅಮೆರಿಕದ ಧ್ವನಿಮುದ್ರಣೋದ್ಯಮಿಗಳ ಸಂಘ ಆರ್.ಐ.ಎ.ಎ. 1954ರಲ್ಲಿ ಗೊತ್ತುಮಾಡಿತು. 1,000 ಹರ್ಟ್ಸ್‌ಗೆ ಹೋಲಿಸಿದರೆ ನುಡಿಸುವಾಗ 20 ಹರ್ಟ್ಸ್‌ನಲ್ಲಿ 19.3 ಡೆಸಿಬೆಲ್ ಏರಿಸಬೇಕು. 20,000 ಹರ್ಟ್ಸ್‌ನಲ್ಲಿ 19.6 ಡೆಸಿಬೆಲ್ ಇಳಿಸಬೇಕು. ಪರೀಕ್ಷಾ ತಟ್ಟೆಗಳಲ್ಲಿ ಕೆಲವು ಈ ನಿಯಮದಂತೆ ಕೊರೆದವು. ಕೆಲವು ಹಾಗಲ್ಲ, ತಾರಸ್ವರಗಳನ್ನು ಏರಿಸದೆ ಒಂದೇ ವೇಗದಲ್ಲಿ ಕೊರೆದವು. ಇದನ್ನು ತಿಳಿಯದೆ ಎರಡನೆಯ ಜಾತಿಯ ತಟ್ಟೆಯನ್ನು ಸಾಮಾನ್ಯ ಧ್ವನಿವರ್ಧಕದ ಮೂಲಕ ನುಡಿಸಿದವನು, ಕಾರ್ಟ್ರಿಜ್ಜು ಕಿವುಡಾಗಿದೆಯೆಂದು ವೃಥಾ ದೂರುವನು. (ಅಜ್ಜಂದಿರ ಕಾಲದ 78 ಸುತ್ತಿನ ತಟ್ಟೆಗಳ ಸಂಗತಿಯೇ ಬೇರೆ. ಅವುಗಳ ಗೆರೆ ಅಗಲ, ಮುಳ್ಳೂ ದಪ್ಪನಾಗಿರಬೇಕು. ಎಲ್.ಪಿ.ಯ ಮುಳ್ಳನ್ನು ಅವುಗಳ ಮೇಲೆ ಇಡಲೇಬಾರದು.)

ಇನ್ನು ನನ್ನ ತಪ್ಪನ್ನು ಹೇಳಬೇಕು.

ಸಂಸ್ಥೆಯ ಕಾರ್ಟ್ರಿಜ್ಜನ್ನು ಗ್ರಂಥಾಲಯದಲ್ಲಿ ಪರೀಕ್ಷಿಸಿದೆವು. ರೇಖೆ ತಕ್ಕಮಟ್ಟಿಗೆ ಸಮನಾಗಿಯೇ ಬಂದಿತು. ಮರುವಾರ ಗ್ರಂಥಾಲಯದಲ್ಲಿ ಬೇರೆ ಕೆಲಸವಿದ್ದುದರಿಂದ ಸಾಮಾನನ್ನೆಲ್ಲ ವಿಜ್ಞಾನದ ಕೋಣೆಗೆ ಒಯ್ದು, ಕಾಣಿಕೆಯ ಕಾರ್ಟ್ರಿಜ್ಜನ್ನು ಅಲ್ಲಿ ಪರೀಕ್ಷಿಸಿದೆವು. ಅದರ ರೇಖೆ 8,000 ಹರ್ಟ್ಸ್‌ನ ಸುಮಾರಿಗೆ ಗುಡ್ಡದಂತೆ ಎದ್ದು, ಮುಂದೆ ಬಾವಿಗೆ ಬಿದ್ದಂತೆ ಇಳಿದಿತ್ತು. ಹಾಡು ಕೇಳಿದರೂ ಹಾಗೆಯೇ: ಸಕಾರ ಶಕಾರಗಳೆಲ್ಲ ಕಿವಿಗೆ ಚುಚ್ಚುತ್ತಿದ್ದವು. ಕಾಣಿಕೆಯಾಗಿ ಬಂದದ್ದು ಕೆಟ್ಟ ಮಾಲು ಎಂದು ನಾನು ಮಂಡಳಿಯ ಸಭೆಯಲ್ಲಿ ಹೇಳಿಬಿಟ್ಟೆ. ಅದನ್ನು ಹಿಂದಿರುಗಿಸುವ ಮಾತೂ ನಡೆಯಿತು.

ಮಾರನೆಯ ದಿನ ಹತ್ತನೆಯ ವರ್ಗದ ಹುಡುಗಿಯೊಬ್ಬಳು ಬಂದು, “ಸರ್, ಅವತ್ತ ವೈರ್ ಇಷ್ಟ ಉದ್ದ ಇದ್ದಿಲ್ಲಲ್ರಿ?” ಎಂದಳು. ನಾನು ನಿರುತ್ತರನಾದೆ. ವಿಜ್ಞಾನದ ಕೋಣೆಯಲ್ಲಿ ಧ್ವನಿವರ್ಧಕ ದೂರದ ಮೇಜಿನ ಮೇಲಿದ್ದುದರಿಂದ ನಾಲ್ಕು ಮೀಟರಿನ ತಂತಿಯನ್ನು ಜೋಡಿಸಿದ್ದೆವು.

ತಂತಿಯ ಉದ್ದಕ್ಕೂ ಕಾರ್ಟ್ರಿಜ್ಜಿನ ಗುಣಕ್ಕೂ ಏನು ಸಂಬಂಧವೆಂದು ಕೇಳಬಹುದು. ಕಾರ್ಟ್ರಿಜ್ಜಿನ ಒಳಗಿನ ಸುರುಳಿಗೆ ಪ್ರೇರಕತೆ ಎಂಬ ಗುಣವಿದೆ. ಅದು ಅರ್ಧ ಹೆನ್ರಿಯಷ್ಟಿರುವುದು ಸಾಮಾನ್ಯ. ತಂತಿಗೆ ಧಾರಕತೆ ಎಂಬ ಗುಣವಿದೆ. ಅದನ್ನು ಪಿಕೋಫ್ಯಾರಡ್, ಅಂದರೆ ಫ್ಯಾರಡಿನ ಲಕ್ಷ ಕೋಟಿಯಲ್ಲೊಂದು ಪಾಲು, ಎಂಬ ಅಳತೆಯಲ್ಲಿ ಹೇಳುವರು. ಇವೆರಡೂ ಕೂಡಿದಾಗ, ಉಯ್ಯಾಲೆಯಂತೆ, ತಮಗೆ ಒಗ್ಗಿದ ಒಂದು ಆವೃತ್ತಿಯಲ್ಲಿ ಮಾತ್ರ ಹೆಚ್ಚಾಗಿ ತೂಗುವುವು. ಇದೇ ಅನುರಣನ. ಆ ಆವೃತ್ತಿ ತಿಳಿಯಲು ಪ್ರೇರಕತೆಯನ್ನೂ ಧಾರಕತೆಯನ್ನೂ ಗುಣಿಸಿ, ವರ್ಗಮೂಲ ತೆಗೆದು, ಅದನ್ನು 6.28ರಿಂದ ಗುಣಿಸಿ, ಬಂದ ಸಂಖ್ಯೆಯಿಂದ 1ನ್ನು ಭಾಗಿಸಬೇಕು. ಯಂತ್ರದ ಸ್ವಂತ ತಂತಿ, ಧ್ವನಿವರ್ಧಕ ಎರಡೂ ಸೇರಿ 200 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಉತ್ತರ ಸುಮಾರು 15,900 ಹರ್ಟ್ಸ್. ಮೀಟರಿಗೆ 100ರಂತೆ ನಾಲ್ಕು ಮೀಟರು ತಂತಿ ಸೇರಿಸಿದರೆ 600 ಪಿಕೋಫ್ಯಾರಡ್ ಆಗುವುದು. ಉತ್ತರ ಸುಮಾರು 9,200 ಹರ್ಟ್ಸ್‌ಗೆ ಇಳಿಯುವುದು. ಧ್ವನಿವರ್ಧಕದ ರೋಧ ವಾಡಿಕೆಯಂತೆ 47,000 ಓಮ್ ಇದ್ದಾಗ, ಈ ಎರಡನೆಯ ಸಂದರ್ಭದಲ್ಲಿ ರೇಖೆಯು 8,000 ಹರ್ಟ್ಸ್‌ನ ಆಸುಪಾಸು ನಾಲ್ಕೈದು ಡೆಸಿಬೆಲ್ ಉಬ್ಬಿ, 20,000ಕ್ಕೆ ಹೋಗುವಷ್ಟರಲ್ಲಿ 12 ಡೆಸಿಬೆಲ್ ಕುಸಿಯುವುದು. ನಾನು ಕಂಡ ಗುಡ್ಡ, ಬಾವಿ ಎರಡೂ ತಂತಿಯವೇ ಹೊರತು ಮುಳ್ಳಿನವಲ್ಲ!

(ಅಯಸ್ಕಾಂತದ ಬದಲು ಸುರುಳಿಯೇ ಅಲುಗುವ ಇನ್ನೊಂದು ಜಾತಿಯ ಕಾರ್ಟ್ರಿಜ್ಜುಗಳಿವೆ. ಜಪಾನಿನ ಎನ್.ಎಚ್.ಕೆ. ಪ್ರಸಾರ ಸಂಸ್ಥೆಯೊಡನೆ ಸೇರಿ 1960ರ ದಶಕದಲ್ಲಿ ರೂಪಿಸಿದ ಡೆನಾನ್ ಡಿ.ಎಲ್.-103 ಇದಕ್ಕೆ ಪ್ರಸಿದ್ಧ ಉದಾಹರಣೆ. ಅವುಗಳ ಸುರುಳಿ ತೀರ ಚಿಕ್ಕದಾದುದರಿಂದ ತಂತಿಯ ಧಾರಕತೆಯ ಬಾಧೆ ಇಲ್ಲವೆಂದೇ ಹೇಳಬೇಕು. ಆದರೆ ವೋಲ್ಟೇಜು 0.3 ಮಿಲಿವೋಲ್ಟಿನಷ್ಟು ಅಲ್ಪ.)

ಹಾಗಾದರೆ ನಾವು ಬರೆಯುವ ರೇಖೆ ಯಾರದು? ತಟ್ಟೆ, ಮುಳ್ಳು, ಸುರುಳಿ, ತಂತಿ, ಧ್ವನಿವರ್ಧಕ ಎಲ್ಲರ ಗುಣದೋಷಗಳೂ ಅದರಲ್ಲಿ ಕೂಡಿಕೊಂಡಿರುವುವು. ಒಂದೇ ರೇಖೆಯನ್ನು ನೋಡಿ ಮುಳ್ಳಿನ ಪಾಲು ಇಷ್ಟೆಂದು ಹೇಳಲಾಗದು. ಆದರೆ ಉಳಿದುದನ್ನೆಲ್ಲ ಇದ್ದಂತೆಯೇ ಇಟ್ಟು ಕಾರ್ಟ್ರಿಜ್ಜನ್ನು ಮಾತ್ರ ಬದಲಿಸಿ, ಒಂದು ರೇಖೆಯಿಂದ ಇನ್ನೊಂದನ್ನು ಕಳೆದರೆ, ಎರಡರಲ್ಲೂ ಸಮನಾಗಿರುವ ತಟ್ಟೆಯ ದೋಷ, ಧ್ವನಿವರ್ಧಕದ ದೋಷ ಬಿಟ್ಟುಹೋಗುವುವು. ಪರೀಕ್ಷಾ ತಟ್ಟೆ ತುಸು ಕೆಟ್ಟದ್ದಿದ್ದರೂ ಹೋಲಿಕೆಗೆ ಅಷ್ಟಾಗಿ ಕುಂದಿಲ್ಲ. ತಕ್ಕಡಿಯ ಪರಡಿಗಳು ಸಮನಾಗಿರದಿದ್ದರೆ ಪದಾರ್ಥವನ್ನು ಎರಡೂ ಪರಡಿಗಳಲ್ಲಿ ಒಮ್ಮೊಮ್ಮೆ ಇಟ್ಟು ತೂಗುವ ಕ್ರಮವನ್ನು ಪ್ರಯೋಗಶಾಲೆಯಲ್ಲಿ ಕಲಿತವರಿಗೆ ಇದು ಹೊಸದಲ್ಲ.

ಆದರೂ ತಟ್ಟೆ ಪ್ರತಿಸಲ ನುಡಿಸಿದಾಗ ಸ್ವಲ್ಪ ಸವೆಯುವುದು. ಮೊದಲು ಹೋಗುವುದು ತಾರಸ್ವರದ ನವುರಾದ ಅಲೆಗಳು. ಎರಡನೆಯದಾಗಿ ಪರೀಕ್ಷೆಗೆ ಬಂದ ಮುಳ್ಳಿಗೆ ಇದರಿಂದ ಅನ್ಯಾಯವಾಗಬಾರದೆಂದು, ಮೊದಲು ಒಂದನೆಯದು, ಬಳಿಕ ಎರಡನೆಯದು, ಮತ್ತೆ ಎರಡನೆಯದು, ಕೊನೆಗೆ ಒಂದನೆಯದು ಎಂಬ ಕ್ರಮದಲ್ಲಿ ನುಡಿಸಿ, ಆಯಾ ಕಾರ್ಟ್ರಿಜ್ಜಿನ ಎರಡು ರೇಖೆಗಳ ಸರಾಸರಿ ತೆಗೆದೆವು. ಒಂದನೆಯದರ ಎರಡು ರೇಖೆಗಳು ಒಂದಕ್ಕೊಂದು ಹೊಂದದಿದ್ದರೆ ನಡುವೆ ಏನೋ ಕೆಟ್ಟಿದೆಯೆಂದು ಕೂಡಲೆ ತಿಳಿಯುವುದು. ಮುಳ್ಳಿನ ಭಾರವನ್ನು ಊರಿನ ಅಕ್ಕಸಾಲಿಗರ ಚಿಕ್ಕ ತಕ್ಕಡಿಯಲ್ಲಿ ತೂಗಿ, ಆಯಾ ತಯಾರಕರು ಹೇಳಿದಷ್ಟಕ್ಕೆ ಸರಿಪಡಿಸಿದೆವು. ಪ್ರಯೋಗವನ್ನೆಲ್ಲ ಒಂದೇ ಮುಂಜಾನೆ ಮುಗಿಸಿದೆವು. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತಿದೆ. ಮುಳ್ಳಿನ ಕಡ್ಡಿಯನ್ನು ಹಿಡಿದಿರುವ ರಬ್ಬರು ಸೆಕೆಯಲ್ಲಿ ಮೆತ್ತಗಾಗಿ, ಚಳಿಯಲ್ಲಿ ಬಿರುಸಾಗುವುದು. ಮುಂಜಾನೆಯ ರೇಖೆಯನ್ನು ಮಧ್ಯಾಹ್ನದ್ದಕ್ಕೆ ಹೋಲಿಸಬಾರದು.

ಇನ್ನೊಂದು ಸಂಗತಿ ನನಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಎಲ್.ಪಿ. ತಟ್ಟೆ 9 ಸೆಕೆಂಡಿನಲ್ಲಿ 5 ಸುತ್ತು ತಿರುಗುವುದು. ಹೊರ ಅಂಚಿನಲ್ಲಿ, ಮಧ್ಯದಿಂದ 146 ಮಿಲಿಮೀಟರ್ ದೂರದಲ್ಲಿ, ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 510 ಮಿಲಿಮೀಟರ್ ಓಡುವುದು. ಒಳಗಿನ ಕೊನೆಯಲ್ಲಿ, 60 ಮಿಲಿಮೀಟರ್ ದೂರದಲ್ಲಿ, 209 ಮಾತ್ರ. ಆದ್ದರಿಂದ 15,000 ಹರ್ಟ್ಸ್‌ನ ಒಂದು ಅಲೆ ಹೊರಗೆ 34 ಮೈಕ್ರಾನ್ ಉದ್ದವಾಗಿದ್ದರೆ ಒಳಗೆ 14 ಮೈಕ್ರಾನಿಗೆ ಕುಗ್ಗುವುದು. (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಗುಂಡುತುದಿಯ ಸಾಧಾರಣ ಮುಳ್ಳಿನ ತ್ರಿಜ್ಯವೇ 18 ಮೈಕ್ರಾನ್‌ನಷ್ಟಿರುವಾಗ ಅದು ಆ ಅಲೆಯ ತಗ್ಗಿಗೆ ಇಳಿಯುವುದೆಂತು? ಗಾಡಿಯ ದೊಡ್ಡ ಗಾಲಿ ದಾರಿಯ ಸಣ್ಣ ಕುಳಿಗಳ ಮೇಲೆ ಹಾದುಹೋಗುವಂತೆ ಅದು ದಾಟಿಹೋಗುವುದು. ಅಂಡಾಕಾರದ ತುದಿಯ ಮುಳ್ಳಿನ ಅಂಚು ಸುಮಾರು 8 ಮೈಕ್ರಾನ್ ತ್ರಿಜ್ಯದ್ದು. ಅದು ಹೆಚ್ಚು ಒಳಗಿಳಿಯಬಲ್ಲದು. ಹೊರಗಿನ ಗೆರೆಯಲ್ಲಷ್ಟೇ ಅಳೆದು ಬಿಟ್ಟವರಿಗೆ ಈ ಭೇದ ಕಾಣಿಸುವುದೇ ಇಲ್ಲ.

ತಂತಿಯನ್ನು ಮೊದಲಿನಂತೆ ಗಿಡ್ಡ ಮಾಡಿ, ಮೇಲಿನ ಕ್ರಮದಲ್ಲಿ ಅಳೆದಾಗ, ಹೊರಗೆರೆಯಲ್ಲಿ 10,000 ಹರ್ಟ್ಸ್‌ವರೆಗೆ ಎರಡೂ ಕಾರ್ಟ್ರಿಜ್ಜುಗಳ ಅಂತರ ಒಂದು ಡೆಸಿಬೆಲ್ಲಿಗಿಂತ ಕಡಿಮೆಯೇ ಇದ್ದಿತು. ಒಳಗೆರೆಯಲ್ಲಿ ಮಾತ್ರ, ಅಂಡಾಕಾರದ ತುದಿಯಿದ್ದ ಕಾಣಿಕೆಯ ಮುಳ್ಳು ಸ್ಪಷ್ಟವಾಗಿ ಮೇಲಾಯಿತು. ಮುಂದಿನ ಸಭೆಯಲ್ಲಿ ನನ್ನ ಹಿಂದಿನ ಮಾತನ್ನು ಹಿಂತೆಗೆದುಕೊಂಡೆ. ಕಾಣಿಕೆ ಕೊಟ್ಟವರಿಗೆ, ಆದದ್ದನ್ನು ಮುಚ್ಚಿಡದೆ, ಪತ್ರ ಬರೆದೆ. ತಟ್ಟೆಗಳ ಕೆಲಸ ಈಗ ಅವರ ಮುಳ್ಳಿನಿಂದಲೇ ಸಾಗಿದೆ. ಪ್ರತಿಯೊಂದು ಹಾಡಿನ ಜೊತೆಗೆ ಮುಳ್ಳಿನ ಭಾರ, ತಂತಿಯ ಉದ್ದ, ಕೋಣೆಯ ಉಷ್ಣತೆಗಳನ್ನು ಹತ್ತನೆಯ ವರ್ಗದವರು ಒಂದು ವಹಿಯಲ್ಲಿ ಬರೆದಿಡುತ್ತಿದ್ದಾರೆ. ತಂತಿಯ ಉದ್ದದ ಅಂಕಣವನ್ನು ಎಲ್ಲಕ್ಕೂ ಮೊದಲು ಹಾಕಿಸಿದವಳು ಆ ಹುಡುಗಿಯೇ. ವಹಿಯನ್ನೂ ರೇಖೆಗಳನ್ನೂ ನೋಡಬಯಸುವ ಪಾಲಕರು ಶನಿವಾರ ಶಾಲೆ ಬಿಟ್ಟ ಮೇಲೆ ಗ್ರಂಥಾಲಯಕ್ಕೆ ಬರಬಹುದು.